ಬೆವರಿನ ಪಾಲು

ಡೆಟ್ರಾಯಿಟ್, ಮಿಷಿಗನ್
4 ಫೆಬ್ರವರಿ 1958

ಭೂದಾಖಲೆ ಕಚೇರಿ,
ಟ್ರಾವರ್ಸ್ ಕೌಂಟಿ ನ್ಯಾಯಾಲಯ, ಸೇಂಟ್ ಬ್ರೈಸ್, ಮೇರಿಲ್ಯಾಂಡ್

ಮಾನ್ಯರೇ,

ನನ್ನ ತಂದೆಯ ಮನೆತನದವರು ಕ್ಯಾಟಿಮರ್‌ಗಳು. ನಿಮ್ಮ ಕೌಂಟಿಯ ಗೂಸ್‌ನೆಕ್ ಹಳ್ಳದ ಸುತ್ತ ಬೇಸಾಯ ಮಾಡಿಕೊಂಡಿದ್ದವರು. ತಂದೆ 1919ರಲ್ಲಿ ಇಲ್ಲಿಗೆ ಬಂದರು. ನಮ್ಮ ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿರುವ ಮೊದಲ ಹೆಸರು ಹನ್ನಾ ಕ್ಯಾಟಿಮರ್, ಹುಟ್ಟಿದ್ದು 1804. ಅವಳಿಗಿಂತ ಹಿಂದಿನವರು ಯಾರು, ಅವರಿಗೆ ಅಲ್ಲಿ ಭೂಮಿ ಇತ್ತೇ ಎಂಬುದು ನಿಮ್ಮ ಪುಸ್ತಕಗಳಿಂದ ತಿಳಿದೀತೇ? ಇದು ಕೇವಲ ಕುಟುಂಬದ ಚರಿತ್ರೆಗಾಗಿ. ಬೇರೆ ಉದ್ದೇಶವೇನೂ ಇಲ್ಲ.

ಮರು ಟಪಾಲಿನ ಅಂಚೆಚೀಟಿ ಇಟ್ಟಿದ್ದೇನೆ.

ವಿಶ್ವಾಸಿ,
ಆರ್ಡೆಲಿಯಾ ಬೂನ್

ಸೇಂಟ್ ಬ್ರೈಸ್
11 ಫೆಬ್ರವರಿ 1958

ಶ್ರೀಮತಿ ಬೂನ್ ಅವರಿಗೆ,

ಖಾಸಗಿಯವರ ಪರವಾಗಿ ಹುಡುಕಿಕೊಡುವ ಕೆಲಸ ಈ ಕಚೇರಿಯದಲ್ಲ. ಆದರೂ ಹೆಸರುಗಳ ಸೂಚಿಯನ್ನು ಒಮ್ಮೆ ತಿರುವಿದೆ. 1840ಕ್ಕಿಂತ ಹಿಂದೆ ಕ್ಯಾಟಿಮರ್ ಹೆಸರಿನ ಒಂದು ನಮೂದೂ ಇಲ್ಲ.

ಒಂದು ಮಾತು. ಹಳೆಯ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು. ನಿಮ್ಮ ಹಿರಿಯರು ಈ ಹೆಸರನ್ನು ಬಾಯಲ್ಲಿ ಹೇಗೆ ಹೇಳುತ್ತಿದ್ದರು? ಬರೆದ ರೂಪ ಬೇಡ, ಆಡಿದ ರೂಪ ಬೇಕು.

ಲಿಟಲ್‌ಟನ್ ಪರ್ನೆಲ್
ಉಪ ಗುಮಾಸ್ತ, ಭೂದಾಖಲೆ

ಡೆಟ್ರಾಯಿಟ್
20 ಫೆಬ್ರವರಿ 1958

ಶ್ರೀ ಪರ್ನೆಲ್ ಅವರಿಗೆ,

ನಿಮ್ಮ ಪ್ರಶ್ನೆಯನ್ನು ನನ್ನ ಸೋದರತ್ತೆ ಝಿಪ್ಪೋರಾ ಅವರ ಮುಂದಿಟ್ಟೆ. ಅವರಿಗೆ ಎಂಬತ್ತಾರು. ಹುಟ್ಟಿದ್ದು ನಿಮ್ಮ ಗೂಸ್‌ನೆಕ್ ಹಳ್ಳದ ದಂಡೆಯಲ್ಲೇ. ಹನ್ನಾ ಅವರ ಅಜ್ಜಿ. ಅಜ್ಜಿ ತೀರಿಕೊಂಡಾಗ ಇವರಿಗೆ ಹತ್ತು ವರ್ಷ.

“ಕ್ಯಾಟಿಮರ್ ಅಂತ ಕರೆದಿದ್ದು ಇಸ್ಕೂಲಿನವ್ರು ಕಣೇ,” ಎಂದರು. “ಅಜ್ಜಿ ಕಟೀಂಬೊ ಅಂತಿದ್ಲು. ಬಾಯ್ತುಂಬ ಅಂತಿದ್ಲು. ಈ ಕೋರ್ಟು ಕಟ್ಟೋಕೆ ಮುಂಚೆ ನಾವು ಇಲ್ಲಿದ್ವಿ, ಇಟ್ಟಿಗೆ ಹೊತ್ತವರಲ್ಲಿ ನಮ್ಮೋರೂ ಇದ್ರು ಅಂತಿದ್ಲು.”

ಇಷ್ಟೇ. ನಾನು ಕಾರಿನ ಸೀಟಿಗೆ ಹೊದಿಕೆ ಹೊಲಿಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ದಾಖಲೆಗಳ ವಿಷಯ ನನಗೆ ಗೊತ್ತಿಲ್ಲ. ನಿಮಗೆ ಬಿಡುವಾದಾಗ ನೋಡಿದರೆ ಉಪಕಾರವಾಗುತ್ತದೆ.

ಆರ್ಡೆಲಿಯಾ ಬೂನ್

ಸೇಂಟ್ ಬ್ರೈಸ್
18 ಮಾರ್ಚ್ 1958

ಶ್ರೀಮತಿ ಬೂನ್ ಅವರಿಗೆ,

ಸಿಕ್ಕಿದ.

ಕಚೇರಿಯ ಕಾಗದದಲ್ಲಿ ಹೀಗೆ ಬರೆಯಬಾರದು. ಆದರೆ ಮೂವತ್ತೊಂದು ವರ್ಷದಿಂದ ಇದೇ ಕೋಣೆಯಲ್ಲಿ ಕುಳಿತಿರುವ ನನಗೂ ಇಂಥ ದಿನಗಳು ಹೆಚ್ಚು ಬಂದಿಲ್ಲ. ಸಿ ಅಕ್ಷರದಲ್ಲಿ ಹುಡುಕಿದೆ, ಇಲ್ಲ. ಕೆ ಅಕ್ಷರದಲ್ಲಿ ಹುಡುಕಿದೆ, ಅಲ್ಲೂ ಇಲ್ಲ. ಆಮೇಲೆ ಹೊಳೆಯಿತು. ಈಗಿನ ಸೂಚಿಯನ್ನು ಹಳೆಯ ಪುಸ್ತಕ ನೋಡಿ ನಕಲು ಮಾಡಿದ್ದು 1880ರ ಸುಮಾರಿಗೆ. ಹಳೆಯ ಕೈಬರಹದ ಕೆ, ಪಳಗದ ಕಣ್ಣಿಗೆ ಆರ್‌ನಂತೆ ಕಾಣುತ್ತದೆ. ಆರ್ ತೆಗೆದೆ. ‘ರಟಿಂಬೊ, ಫ್ರಾ.’ ಎಂದಿತ್ತು. ಎಂಬತ್ತು ವರ್ಷದಿಂದ ನಿಮ್ಮ ಹಿರಿಯರು ಬೇರೆಯವರ ಸಾಲಿನಲ್ಲಿ ನಿಂತು ಕಾಯುತ್ತಿದ್ದರು.

ಮೂಲ ಪುಸ್ತಕದಲ್ಲಿ ಹೀಗಿದೆ:

‘ಫ್ರಾನ್ಸಿಸ್ ಕಟಿಂಬೊ, ————, ಈ ಕೌಂಟಿಯ ಸ್ವತಂತ್ರ ನಿವಾಸಿ, ಇವನಿಗೆ ಇನ್ನೂರು ಎಕರೆ. ಗೂಸ್‌ನೆಕ್ ಹಳ್ಳದ ಮೊದಲ ತಿರುವಿನಲ್ಲಿ ಕಚ್ಚು ಹಾಕಿದ ಬಿಳಿ ಓಕ್ ಮರದಿಂದ ಚೆಕ್ಕುಬಂದಿ ಆರಂಭ. 9 ಮೇ 1671.’

ಜಮೀನಿಗೆ ಒಡೆಯನೇ ಹೆಸರಿಡುವುದು ಆ ಕಾಲದ ರೂಢಿ. ಇವರು ಇಟ್ಟ ಹೆಸರು ‘ಬೆವರಿನ ಪಾಲು’. ಗೆರೆ ಎಳೆದ ಕಡೆ ಒಂದು ಪದವಿದೆ. ಶಾಯಿ ಹರಡಿರುವುದರಿಂದ ಓದಲಾಗಲಿಲ್ಲ.

ಲಿಟಲ್‌ಟನ್ ಪರ್ನೆಲ್

ಡೆಟ್ರಾಯಿಟ್
27 ಮಾರ್ಚ್ 1958

ಶ್ರೀ ಪರ್ನೆಲ್ ಅವರಿಗೆ,

ನಿಮ್ಮ ಪತ್ರವನ್ನು ಅತ್ತೆಗೆ ಮೂರು ಸಲ ಓದಿದೆ. ಮೂರನೆಯ ಸಲ ಅವರು ಎದ್ದು ನಿಂತು ಕೇಳಿದರು.

ಈಗ ಎರಡು ವಿಷಯ ಬಿಚ್ಚಿ ಹೇಳಬೇಕು.

ಮೊದಲನೆಯದು ಆ ಪದ. ಮರದ ಕಚ್ಚನ್ನೂ ಹಳ್ಳದ ತಿರುವನ್ನೂ ಓದಿದ ನಿಮ್ಮ ಕಣ್ಣಿಗೆ ಅದೊಂದೇ ಕಾಣಲಿಲ್ಲ ಎಂದರೆ ನಂಬುವುದು ಕಷ್ಟ. ಡೆಟ್ರಾಯಿಟ್‌ನಿಂದಲೇ ನಾನು ಓದಿದೆ. ಅದು ‘ನೀಗ್ರೊ’. ನಾವೂ ಅವರೇ. ಮೊದಲ ಪತ್ರದಲ್ಲಿ ನಾನಾಗಿ ಹೇಳಲಿಲ್ಲ. ಹೇಳಿದರೆ ಉತ್ತರ ಬರುವುದಿಲ್ಲವೇನೋ ಎಂಬ ಅಂಜಿಕೆ. ಇದರಿಂದ ನಿಮ್ಮ ಕಚೇರಿಯ ಬಾಗಿಲು ಮುಚ್ಚುವುದಾದರೆ ನೇರವಾಗಿ ಹೇಳಿ.

ಎರಡನೆಯದು, ಬೇರೆ ಉದ್ದೇಶವಿಲ್ಲ ಎಂದಿದ್ದೆ. ಇದೆ. ಹಳ್ಳದ ತಿರುವಿನ ದಿಬ್ಬದಲ್ಲಿ ನಮ್ಮವರ ಸ್ಮಶಾನವಿದೆ. ಹನ್ನಾ ಅಲ್ಲಿದ್ದಾಳೆ. ಅತ್ತೆಯ ತಾಯಿಯನ್ನು 1897ರಲ್ಲಿ ಮಣ್ಣು ಮಾಡಿದ್ದೂ ಅಲ್ಲೇ. ಆ ಭೂಮಿಯ ಈಗಿನ ಒಡೆಯರು ದಿಬ್ಬ ಕಡಿದು ದೋಣಿಕಟ್ಟೆ ಮಾಡುತ್ತಾರಂತೆ. ಅಲ್ಲಿನ ಚರ್ಚಿನವರು ಕಳೆದ ಚಳಿಗಾಲದಲ್ಲಿ ಬರೆದಿದ್ದರು. ಜಮೀನು ಕೈಬಿಡುವಾಗ ನಮ್ಮವರು ಸ್ಮಶಾನ ಉಳಿಸಿಕೊಂಡಿದ್ದರೇ? ಈಗಿನ ಒಡೆಯರು ಯಾರು?

ಆರ್ಡೆಲಿಯಾ ಬೂನ್

ಡೆಟ್ರಾಯಿಟ್
30 ಏಪ್ರಿಲ್ 1958

ಶ್ರೀ ಪರ್ನೆಲ್ ಅವರಿಗೆ,

ತಿಂಗಳು ಮೀರಿತು. ಉತ್ತರವಿಲ್ಲ, ಅದೇ ಉತ್ತರ ಎಂದುಕೊಂಡಿದ್ದೇನೆ.

ನಿಮ್ಮ ಮೊದಲ ಪತ್ರ ಬಂದ ದಿನ ಅತ್ತೆ ಲಕೋಟೆ ನೋಡಿ ಹೇಳಿದ್ದರು: “ಆ ಕಡೆ ಬಿಳಿಯ ನಿನ್ನನ್ನ ಶ್ರೀಮತಿ ಅಂತ ಬರ್ದಿದಾನಾ? ಹಂಗಾದ್ರೆ ನಾವ್ಯಾರು ಅಂತ ಅವನಿಗೆ ಗೊತ್ತಾಗಿಲ್ಲ ಬಿಡು. ಗೊತ್ತಾದ ದಿನ ಕಾಗದ ನಿಲ್ಲತ್ತೆ.” ನಾನು ಅವರ ಜೊತೆ ವಾದ ಮಾಡಿದ್ದೆ. ಸೋತೆ.

1671ರ ಪುಟ ತೋರಿಸಿಕೊಟ್ಟ ಉಪಕಾರವನ್ನು ಮರೆಯುವುದಿಲ್ಲ.

ಆರ್ಡೆಲಿಯಾ ಬೂನ್

ಸೇಂಟ್ ಬ್ರೈಸ್
19 ಮೇ 1958

ಶ್ರೀಮತಿ ಬೂನ್ ಅವರಿಗೆ,

ನಿಮ್ಮ ಅತ್ತೆಯವರಿಗೆ ಹೇಳಿ, ನನಗೆ ಮೊದಲ ಪತ್ರದಲ್ಲೇ ಗೊತ್ತಿತ್ತು. ಈ ಕೌಂಟಿಯಲ್ಲಿ ಕ್ಯಾಟಿಮರ್ ಎಂಬ ಹೆಸರಿನ ಒಬ್ಬ ಬಿಳಿಯನೂ ಇಲ್ಲ, ಎಂದೂ ಇರಲಿಲ್ಲ. ನೀವು ಹೇಳದೆ ಬಿಟ್ಟದ್ದರಿಂದ, ಹೇಳಲು ಇಷ್ಟವಿಲ್ಲವೇನೋ ಎಂದುಕೊಂಡು ಆ ಪದದ ಜಾಗದಲ್ಲಿ ಗೆರೆ ಎಳೆದೆ. ತಪ್ಪು ಮಾಡಿದೆ. ಶಾಯಿ ಹರಡಿಲ್ಲ. ಅಕ್ಷರಗಳು ಸ್ಪಷ್ಟವಾಗಿವೆ. ಇದರ ಜೊತೆ ಇಟ್ಟಿರುವ ನಕಲಿನಲ್ಲಿ ಪೂರ್ತಿ ಬರೆದಿದ್ದೇನೆ.

ಇನ್ನು ನಾನು ಸುಮ್ಮನಿದ್ದುದಕ್ಕೆ ಕಾರಣ. ಆ ಭೂಮಿಯ ಒಡೆಯ ಹಾರ್ಲನ್ ವೆನಬಲ್ಸ್, ನನ್ನ ಹೆಂಡತಿ ವಿಲ್ಮಾಳ ತಮ್ಮ.

ನಿಮ್ಮ ಪ್ರಶ್ನೆಗೆ ಉತ್ತರ ಏಪ್ರಿಲ್ ಎರಡನೆಯ ವಾರದಲ್ಲೇ ಸಿಕ್ಕಿತ್ತು. 1798ರಲ್ಲಿ ಲೆವಿನ್ ಕಟಿಂಬೊ ಎಂಬವನು ಉಳಿದ ಜಮೀನನ್ನು ಮಾರಿದ ಕ್ರಯಪತ್ರ. ಅದರಲ್ಲಿ ಈ ಸಾಲಿದೆ: ‘ಹಳ್ಳದ ಉತ್ತರಕ್ಕೆ ನನ್ನ ಅಪ್ಪ ಅಜ್ಜಂದಿರು ಮಲಗಿರುವ ಅರ್ಧ ಎಕರೆ ದಿಬ್ಬವನ್ನೂ ಅದಕ್ಕೆ ಗಾಡಿ ಹೋಗುವಷ್ಟು ದಾರಿಯನ್ನೂ ಬಿಟ್ಟು. ಅದು ನನ್ನ ಸಂತತಿಗೆ ಎಂದೆಂದಿಗೂ.’ ಮುಂದಿನ ಕ್ರಯಪತ್ರಗಳಲ್ಲೆಲ್ಲ ಈ ಸಾಲು ಬರುತ್ತದೆ. 1911ರದ್ದರಲ್ಲಿ ಮಾತ್ರ ಇಲ್ಲ. ಆ ವರ್ಷ ಕೊಂಡವರು ನನ್ನ ಮಾವ.

ಸಾಲು ಕೈತಪ್ಪಿ ಬಿಟ್ಟಿರಬಹುದು ಎಂದು ಒಂದು ವಾರ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಒಂದು ಭಾನುವಾರ ಊಟಕ್ಕೆ ಹಾರ್ಲನ್ ಬಂದಿದ್ದ. ಕೇಳಿದೆ.

“ಆ ದಿಬ್ಬದ ಮೇಲೆ ಗೋರಿಕಲ್ಲು ಇದ್ವಂತಲ್ಲ?”

“ಎಲ್ಲಿದಾವೆ ಭಾವ? ನಾಲ್ಕು ಮರದ ಬೊಡ್ಡೆ ಬಿಟ್ರೆ ಅಲ್ಲೇನಿದೆ?”

ಆಲೂಗಡ್ಡೆ ಬಡಿಸುತ್ತಿದ್ದ ವಿಲ್ಮಾ ಚಮಚ ಕೆಳಗಿಟ್ಟಳು. “ಇದ್ವು ಕಣೋ. ಅಪ್ಪ ಕೀಳ್ಸಿ ಕೊಟ್ಟಿಗೆ ಮೆಟ್ಲಿಗೆ ಹಾಕ್ಸಿದ್ರು. ನೀನು ಅದರ ಮೇಲೆ ಕೂತು ಕಲ್ಲಂಗಡಿ ತಿಂತಿದ್ದೆ. ಅಕ್ಷರ ಕಾಣ್ಬಾರ್ದು ಅಂತ ಬೋರಲು ಹಾಕಿದ್ರು. ನಂಗೆ ನೆನಪಿದೆ.”

ಹಾರ್ಲನ್ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದ. “ಭಾವ, ನೀವು ಯಾರ ಕಡೆ?”

“ಪುಸ್ತಕದಲ್ಲಿ ಇರೋದನ್ನ ಇಲ್ಲ ಅಂತ ನಾನು ಹೇಳೋಕಾಗಲ್ಲ, ಹಾರ್ಲನ್.”

ಊಟ ಅರ್ಧಕ್ಕೆ ಬಿಟ್ಟು ಹೋದ. ಅದಾದ ಮೇಲೆ ಮೂರು ವಾರ ನಾನು ಪೆನ್ನು ಹಿಡಿದು ಕೂರುತ್ತಿದ್ದೆ, ಏಳುತ್ತಿದ್ದೆ. ಹೆದರಿದ್ದೆ. ನಿಮ್ಮ ಏಪ್ರಿಲ್ ಪತ್ರ ಓದಿ ನಾಚಿಕೆಯಾಯಿತು.

ಮೊಹರು ಹಾಕಿದ ನಕಲುಗಳು ಇದರೊಂದಿಗಿವೆ. ಕೂಡಲೇ ವಕೀಲರನ್ನು ಹಿಡಿಯಿರಿ. ಜುಲೈ ಕೊನೆಗೆ ಯಂತ್ರಗಳು ಬರುತ್ತವೆ. ಒಂದೇ ಕೊರತೆ: ಹಕ್ಕು ಲೆವಿನ್‌ನ ಸಂತತಿಗೆ. ನಿಮ್ಮ ಬೈಬಲ್ ಹನ್ನಾಳಿಂದ ಶುರುವಾಗುತ್ತದೆ. ಹನ್ನಾ ಲೆವಿನ್‌ನ ಮಗಳು ಎಂದು ಹೇಳುವ ಕಾಗದ ಬೇಕು. ನನ್ನಲ್ಲಿ ಸಿಕ್ಕಿಲ್ಲ.

ಲಿಟಲ್‌ಟನ್ ಪರ್ನೆಲ್

ಡೆಟ್ರಾಯಿಟ್
26 ಮೇ 1958

ಶ್ರೀ ಪರ್ನೆಲ್ ಅವರಿಗೆ,

ಏಪ್ರಿಲ್‌ನಲ್ಲಿ ನಾನು ಬರೆದದ್ದನ್ನು ಹಿಂತೆಗೆದುಕೊಂಡಿದ್ದೇನೆ. ಅತ್ತೆ ಮಾತ್ರ ಸೋಲೊಪ್ಪುತ್ತಿಲ್ಲ. “ಒಂದು ತಿಂಗಳು ನಿಂತಿತ್ತೋ ಇಲ್ವೋ?” ಎನ್ನುತ್ತಾರೆ. ಆದರೆ ನಿಮ್ಮ ಹೆಂಡತಿಯ ಮಾತನ್ನು ಇನ್ನೊಮ್ಮೆ ಓದಿಸಿಕೊಂಡರು.

ಬಾಲ್ಟಿಮೋರಿನ ವಕೀಲರೊಬ್ಬರು ಒಪ್ಪಿದ್ದಾರೆ. ಹನ್ನಾಳ ಬಗ್ಗೆ ಅತ್ತೆಗೆ ನೆನಪಾದದ್ದು ಇಷ್ಟು: ಅವಳ ಗಂಡ ಇನ್ನೊಬ್ಬರ ಮನೆಯ ಗುಲಾಮ, ಇವಳು ಸ್ವತಂತ್ರಳು. ಹಾಗಾಗಿ ಮಕ್ಕಳಿಗೆ ಅವಳದೇ ಹೆಸರು. ಪ್ರಾಯದಲ್ಲಿ ಬಾಲ್ಟಿಮೋರಿಗೆ ಸಿಂಪಿ ಎಂಬ ಚಿಪ್ಪುಮೀನು ಮಾರಲು ಹೋಗಬೇಕೆಂದು ಕೋರ್ಟಿಗೆ ನಡೆದು ಬಂದಿದ್ದಳಂತೆ. “ಕುರಿ ನೋಡ್ದಂಗೆ ನೋಡಿ, ಎತ್ತರ ಅಳೆದು, ಚೀಟಿ ಕೊಟ್ರಂತೆ. ಆ ಚೀಟಿ ಇಲ್ದೆ ದೋಣಿ ಹತ್ತಂಗಿರ್ಲಿಲ್ಲ.” ಆ ಚೀಟಿ ಈಗ ಇಲ್ಲ. ಅದರ ಲೆಕ್ಕ ನಿಮ್ಮಲ್ಲಿ ಏನಾದರೂ ಉಳಿದಿದೆಯೇ?

ಆರ್ಡೆಲಿಯಾ ಬೂನ್

ಸೇಂಟ್ ಬ್ರೈಸ್
5 ಜೂನ್ 1958

ಶ್ರೀಮತಿ ಬೂನ್ ಅವರಿಗೆ,

ಉಳಿದಿದೆ. ಗುಲಾಮರಲ್ಲ ಎಂದು ಬರೆದುಕೊಡುತ್ತಿದ್ದ ಸ್ವಾತಂತ್ರ್ಯ ಪತ್ರಗಳ ವಹಿ ಭೂದಾಖಲೆಯಲ್ಲ, ಹಾಗಾಗಿ ನನಗೆ ತೋಚಿರಲಿಲ್ಲ. ನೆಲಮಾಳಿಗೆಯಲ್ಲಿ ಮತದಾನದ ಪೆಟ್ಟಿಗೆಗಳ ಹಿಂದೆ ಇತ್ತು. 14 ಆಗಸ್ಟ್ 1826: ‘ಹನ್ನಾ ಕಟಿಮೊರ್, ವಯಸ್ಸು ಇಪ್ಪತ್ತೆರಡು, ಐದಡಿ ಮೂರಂಗುಲ, ಹುಟ್ಟು ಸ್ವತಂತ್ರಳು, ಗೂಸ್‌ನೆಕ್ ಹಳ್ಳದ ಲೆವಿನ್ ಕಟಿಂಬೊನ ಮಗಳು.’

ಮುಂದೆ ಮೈಮೇಲಿನ ಗುರುತಿನ ಸಾಲು ಒಂದಿದೆ. ಅದನ್ನು ನಿಮಗೆ ಬರೆಯುವುದಿಲ್ಲ, ವಕೀಲರಿಗೂ ಹೇಳಿಲ್ಲ. ವಹಿಯನ್ನು ಕಟ್ಟಿ ಮೊಹರು ಮಾಡಿ ನ್ಯಾಯಾಧೀಶರಿಗೆ ಒಪ್ಪಿಸಿದ್ದೇನೆ. ಬೈಬಲ್ಲಿನ ಹನ್ನಾ ಬೇರೆ, ಈ ಹನ್ನಾ ಬೇರೆ ಎಂದು ಎದುರು ಕಡೆಯವರು ಹೇಳಿಯೇ ಹೇಳುತ್ತಾರೆ. ಆಗ ನಿಮ್ಮ ಅತ್ತೆಯವರು ಅಜ್ಜಿಯನ್ನು ನೆನಪಿನಿಂದಲೇ ವರ್ಣಿಸಲಿ. ಯಾರೋ ಹೇಳಿಕೊಟ್ಟರು ಎನ್ನುವಂತಾಗಬಾರದು.

ವಿಚಾರಣೆ 24ಕ್ಕೆ. ಪ್ರಯಾಣಕ್ಕೆ ಅವರ ಮೈ ತಡೆದೀತೇ?

ಲಿಟಲ್‌ಟನ್ ಪರ್ನೆಲ್

ಡೆಟ್ರಾಯಿಟ್
2 ಜುಲೈ 1958

ಶ್ರೀ ಪರ್ನೆಲ್ ಅವರಿಗೆ,

ನಿಮ್ಮ ಸಾಕ್ಷ್ಯ ಮುಗಿದ ಕೂಡಲೇ ನಿಮ್ಮನ್ನು ಹೊರಗೆ ಕಳಿಸಿದರು. ಸಂಜೆ ಮೆಟ್ಟಿಲ ಮೇಲೆ ಸಿಕ್ಕಾಗ ಕೈ ಕುಲುಕಿದೆವು, ಅಷ್ಟೇ. ಬಸ್ಸಿಗೆ ಹೊತ್ತಾಗಿತ್ತು. ಒಳಗೆ ನಡೆದದ್ದನ್ನು ಈಗ ಬರೆಯುತ್ತೇನೆ.

ವೆನಬಲ್ಸ್ ಅವರ ವಕೀಲರು ನೀವು ಹೇಳಿದ ದಾರಿಯನ್ನೇ ಹಿಡಿದರು. ಹನ್ನಾ ಎಂಬ ಹೆಸರು ಸಾವಿರ ಮಂದಿಗಿದೆ ಎಂದರು. ಆಮೇಲೆ ಅತ್ತೆಯ ಕಡೆ ಬಂದರು.

“ಝಿಪ್ಪೋರಾ, ಎಪ್ಪತ್ತಾರು ವರ್ಷದ ಹಿಂದೆ ಸತ್ತೋಳ ಮುಖ ನಿನಗೆ ನೆನಪಿದೆಯಾ?”

ಅತ್ತೆ ನ್ಯಾಯಾಧೀಶರ ಕಡೆ ನೋಡಿದರು. “ಇವರು ಯಾರನ್ನ ಕರೀತಿದಾರೆ ಸ್ವಾಮಿ? ಈ ಕೋರ್ಟಿಂದ ಬಂದ ಕಾಗದದಲ್ಲೆಲ್ಲ ನಮ್ಮನೆಯೋರಿಗೆ ಶ್ರೀಮತಿ ಅಂತಿತ್ತು. ನನ್ನ ಗಂಡನ ಹೆಸರು ಟಲ್ಲಿ.”

ಹಿಂದಿನ ಬೆಂಚುಗಳಲ್ಲಿ ಯಾರೋ ಕೆಮ್ಮಿದರು. ನ್ಯಾಯಾಧೀಶರು, “ಶ್ರೀಮತಿ ಟಲ್ಲಿಯವರನ್ನ ಸರಿಯಾಗಿ ಕೇಳಿ,” ಎಂದರು.

“ಮುಖ ಅಷ್ಟಾಗಿ ನೆನಪಿಲ್ಲ,” ಎಂದರು ಅತ್ತೆ. “ನಾನು ಅವಳ ಮಡಿಲಲ್ಲಿ ಕೂತಿರ್ತಿದ್ದೆ. ಮಡಿಲಲ್ಲಿ ಕೂತೋರಿಗೆ ಮುಖ ಎಲ್ಲಿ ಕಾಣತ್ತೆ? ಕೈ ಕಾಣತ್ತೆ. ಎಡಗೈ ಕಿರುಬೆರಳು ಮೊಂಡು, ಮೇಲಿನ ಗೆಣ್ಣೇ ಇರ್ಲಿಲ್ಲ. ಸಣ್ಣೋಳಿದ್ದಾಗ ಸಿಂಪಿ ಬಿಚ್ಚೋ ಚಾಕು ತಗುಲಿ ಹೋಗಿತ್ತಂತೆ. ಆ ಮೊಂಡಲ್ಲೇ ನನಗೆ ಕಚಗುಳಿ ಇಡೋಳು.”

ನ್ಯಾಯಾಧೀಶರು ಮೊಹರು ಒಡೆದು ವಹಿ ತೆರೆದರು. ತಾವೇ ಓದಿಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಗಟ್ಟಿಯಾಗಿ ಓದಿದರು: ‘ಗುರುತು, ಎಡಗೈಯ ಕಿರುಬೆರಳಿನ ತುದಿಯ ಗೆಣ್ಣು ಇಲ್ಲ.’

ಆ ವಕೀಲರು ಕುಳಿತುಬಿಟ್ಟರು. ಅತ್ತೆ ಮಾತ್ರ ನಿಂತೇ ಇದ್ದರು. ಕಟಕಟೆಯಿಂದ ಇಳಿಯಬಹುದು ಎಂದರೆ, “ಇನ್ನೊಂದು ಸಲ ಓದ್ತೀರಾ?” ಎಂದು ಕೇಳಿದರು. ಅವರು ಓದಿದರು.

ಆಗ ನೀವು ಎಲ್ಲಿ ಕುಳಿತಿದ್ದಿರೋ ಗೊತ್ತಿಲ್ಲ. ಒಳಗೆ ಇರಬೇಕಿತ್ತು ಎಂದು ನನಗೆ ಅನಿಸಿತು.

ಆರ್ಡೆಲಿಯಾ

ಸೇಂಟ್ ಬ್ರೈಸ್
25 ಜುಲೈ 1958

ಪ್ರಿಯ ಆರ್ಡೆಲಿಯಾ ಅವರೇ,

ಆ ಹೊತ್ತಿನಲ್ಲಿ ನಾನು ಕೆಳಗೆ ನನ್ನ ಕೋಣೆಯಲ್ಲಿ ಕುಳಿತು ಒಂದೇ ಸಾಲನ್ನು ನಾಲ್ಕು ಸಲ ನಕಲು ಮಾಡುತ್ತಿದ್ದೆ.

ತೀರ್ಪು ನಿನ್ನೆ ಬಂತು. ಅರ್ಧ ಎಕರೆಯೂ ಗಾಡಿದಾರಿಯೂ ಲೆವಿನ್ ಕಟಿಂಬೊನ ಸಂತತಿಯದು. 1911ರ ಕ್ರಯಪತ್ರ ಅದನ್ನು ಮುಟ್ಟಲಾರದು. ದೋಣಿಕಟ್ಟೆ ಬೇಕಿದ್ದರೆ ದಕ್ಷಿಣದ ದಂಡೆಗೆ. ಆದೇಶವನ್ನು ಪುಸ್ತಕಕ್ಕೆ ಏರಿಸಿದ್ದು ನಾನೇ. ನನ್ನ ಅಕ್ಷರ ಅಷ್ಟು ದುಂಡಗೆ ಬಂದು ಎಷ್ಟು ಕಾಲವಾಗಿತ್ತೋ.

ಹಾರ್ಲನ್ ನನ್ನೊಡನೆ ಮಾತಾಡುವುದಿಲ್ಲ. ಚರ್ಚಿನಲ್ಲಿ ನಮ್ಮ ಸಾಲಿನ ಇಬ್ಬರು ಜಾಗ ಬದಲಿಸಿದ್ದಾರೆ. ಇದನ್ನು ದೂರು ಎಂದು ತಿಳಿಯಬೇಡಿ, ನಿಮಗೆ ತಿಳಿದಿರಲಿ ಎಂದು ಬರೆದೆ. ವಿಲ್ಮಾ ಮೊನ್ನೆ ತವರಿಗೆ ಹೋಗಿ ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಳಂತೆ. “ಅಪ್ಪ ಇಟ್ಟಿದ್ದನ್ನ ಮಗಳು ತೆಗೀತಾಳೆ, ನೀನು ನಡುವೆ ಬರಬೇಡ,” ಎಂದು ತಮ್ಮನಿಗೆ ಹೇಳಿ, ಕೆಲಸದವರಿಂದ ಕಲ್ಲು ಎಬ್ಬಿಸಿದಳು. ಒಟ್ಟು ಹನ್ನೊಂದು. ಮಣ್ಣಿಗೆ ಮುಖ ಮಾಡಿ ಮಲಗಿದ್ದರಿಂದ ಅಕ್ಷರ ಸವೆದಿಲ್ಲ. ಒಂದರ ಮೇಲೆ ‘ಹನ್ನಾ’ ಎಂದಿದೆ.

ಯಾವುದು ಎಲ್ಲಿತ್ತು ಎಂದು ನಿಮ್ಮ ಅತ್ತೆಯವರಿಗೇ ಗೊತ್ತಿರಬೇಕು.

ಲಿಟಲ್‌ಟನ್

ಡೆಟ್ರಾಯಿಟ್
9 ಸೆಪ್ಟೆಂಬರ್ 1958

ಪ್ರಿಯ ಲಿಟಲ್‌ಟನ್ ಅವರೇ,

ಕಲ್ಲುಗಳನ್ನು ದಿಬ್ಬದಲ್ಲಿ ಮತ್ತೆ ನಿಲ್ಲಿಸಿದ ದಿನ ನೀವೂ ವಿಲ್ಮಾ ಅವರೂ ದಾರಿಯ ಬದಿಯಲ್ಲೇ ಕಾರು ನಿಲ್ಲಿಸಿ ಒಳಗೆ ಕುಳಿತಿದ್ದನ್ನು ಕಂಡಾಗ, ದಿಬ್ಬ ಹತ್ತಲು ಮುಜುಗರವೇನೋ ಎಂದುಕೊಂಡೆ. ಕರೆಯದೆ ಬರಬಾರದೆಂದು ಕಾಯುತ್ತಿದ್ದಿರಿ ಎಂದು ವಿಲ್ಮಾ ಆಮೇಲೆ ಹೇಳಿದರು. ಇಷ್ಟು ಪತ್ರಗಳಾದ ಮೇಲೂ ನಾವಿಬ್ಬರೂ ಒಬ್ಬರನ್ನೊಬ್ಬರು ತಪ್ಪು ಓದುವುದನ್ನು ಬಿಟ್ಟಿಲ್ಲ. ಅತ್ತೆಯೇ ಕೊನೆಗೆ ಕೋಲೂರಿಕೊಂಡು ಬಂದು ಕಾರಿನ ಗಾಜು ತಟ್ಟಿದ್ದು ಒಳ್ಳೆಯದಾಯಿತು.

ನೂರಾ ಹನ್ನೆರಡು ಜನ ಬಂದಿದ್ದರು. ಫಿಲಡೆಲ್ಫಿಯಾದಿಂದ, ಬಫಲೋದಿಂದ, ನಾನು ಹೆಸರೇ ಕೇಳದ ಊರುಗಳಿಂದ. 1671ರ ಹಕ್ಕುಪತ್ರವನ್ನು ಓದಲು ನಿಮ್ಮನ್ನೇ ಕೇಳಬೇಕೆಂದಿದ್ದೆ. ನೀವು ಕಾಗದವನ್ನು ನನ್ನ ಕೈಗೇ ಕೊಟ್ಟಿರಿ. ಫ್ರಾನ್ಸಿಸ್ ಕಟಿಂಬೊ, ನೀಗ್ರೊ, ಈ ಕೌಂಟಿಯ ಸ್ವತಂತ್ರ ನಿವಾಸಿ ಎಂದು ಓದುವಾಗ ನನ್ನ ದನಿ ನಡುಗಲಿಲ್ಲ. ನಡುಗುತ್ತದೆ ಎಂದುಕೊಂಡಿದ್ದೆ. ‘ಬೆವರಿನ ಪಾಲು’ ಎಂದಾಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಅದು ನಿಲ್ಲಲೇ ಇಲ್ಲ.

ಅತ್ತೆ ಬಸ್ಸಿನಲ್ಲಿ ಅಂದರು: “ನಮ್ಮಜ್ಜಿ ಇಟ್ಟಿಗೆ ಹೊತ್ತೋರ ಕತೆ ಹೇಳ್ತಿದ್ಲು. ಭೂಮಿ ಇಟ್ಕೊಂಡಿದ್ದೋರ ಕತೆ ಅವಳಿಗೂ ಯಾರೂ ಹೇಳಿರ್ಲಿಲ್ಲ ನೋಡು. ನಾನು ಅವಳಿಗಿಂತ ಹೆಚ್ಚು ತಿಳ್ಕೊಂಡೆ.” ಉಳಿದ ದಾರಿಯೆಲ್ಲ ನಿದ್ದೆ ಮಾಡಿದರು.

ಆರ್ಡೆಲಿಯಾ

ಸೇಂಟ್ ಬ್ರೈಸ್
3 ಅಕ್ಟೋಬರ್ 1958

ಪ್ರಿಯ ಆರ್ಡೆಲಿಯಾ ಅವರೇ,

ಸೂಚಿಯಲ್ಲಿ ಆರ್ ಅಕ್ಷರದ ಆ ನಮೂದನ್ನು ಹೊಡೆದುಹಾಕಿ, ಕೆ ಅಕ್ಷರಕ್ಕೆ ತಂದು ಬರೆದೆ. ಅಲ್ಲಿಗೇ ನಿಲ್ಲಲು ಮನಸ್ಸಾಗಲಿಲ್ಲ. ಸ್ವಾತಂತ್ರ್ಯ ಪತ್ರಗಳ ವಹಿಯಲ್ಲಿ ಆರುನೂರಕ್ಕೂ ಹೆಚ್ಚು ಹೆಸರುಗಳಿವೆ. ಅದಕ್ಕೂ ಒಂದು ಸೂಚಿ ಮಾಡಲು ಕುಳಿತಿದ್ದೇನೆ. ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ, ಸಾಕಾದೀತು.

ಇಲ್ಲಿಯವರೆಗೆ ನಿಮ್ಮ ಜನ ದಾಖಲೆ ಕೇಳಬೇಕಾದರೆ ಪಕ್ಕದ ಕಿಟಕಿಗೆ ಬಂದು ನಿಲ್ಲಬೇಕಿತ್ತು. ಇದನ್ನು ನಾನು ನಿಮಗೆ ಬರೆದಿರಲಿಲ್ಲ. ಮೂವತ್ತೊಂದು ವರ್ಷ ಆ ಕಿಟಕಿಯನ್ನು ತೆರೆದು ಮುಚ್ಚಿದವನು ನಾನೇ.

ಇವತ್ತು ಬೆಳಗ್ಗೆ ಹಳ್ಳದ ಆಚೆಯ ನಿಮ್ಮ ಜನದ ಇಬ್ಬರು ಅಕ್ಕತಂಗಿಯರು, ಟೋಪಿ ಕೈಚೀಲಗಳೊಂದಿಗೆ, ಮುಂಬಾಗಿಲಿನಿಂದ ಒಳಗೆ ಬಂದರು. ಕಚೇರಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ನಾನು ಎದ್ದು ಹೋಗಿ, ಯಾವ ಹೆಸರು ಹುಡುಕಬೇಕಮ್ಮ ಎಂದು ಕೇಳಿದೆ.

“ಹೆಸರು ಆಮೇಲೆ ಹೇಳ್ತೀವಿ,” ಎಂದರು ಅಕ್ಕ. “ತುಂಬ ಹೊತ್ತಾಗತ್ತೆ. ಮೊದ್ಲು ಕೂತ್ಕೊಳ್ಳೋಕೆ ಜಾಗ ತೋರ್ಸಿ.”

ತೋರಿಸಿದೆ.

ಲಿಟಲ್‌ಟನ್